ಬಂಗಾರಪೇಟೆಯ ತಿಳಿಪಾನಿಗೆ ಬೇಕಾಗಿರುವ ವಿದ್ಯೆ
ಆಹಾರ ಮತ್ತು ಸಂಸ್ಕೃತಿಯ ಸ್ನಾತಕೋತ್ತರ ವ್ಯಾಸಂಗ: ವ್ಯಾಪಾರಸ್ಥರ ದೃಷ್ಟಿಯಲ್ಲಿ

ಬೆಂಗಳೂರಿನ ಬಡಾವಣೆಗಳಲ್ಲಿ ಸಂಜೆ ಹೊತ್ತು ಓಡಾಡುವವರಿಗೆ ‘ಬಂಗಾರಪೇಟೆ ಚಾಟ್ಸ್’ ಎಂಬ ಫಲಕ ಅಪರಿಚಿತವಲ್ಲ. ತಿಳಿನೀರಿನಂತೆ ಕಂಡರೂ ಬಾಯಿಗಿಟ್ಟೊಡನೆ ಖಾರ ಏರಿಸುವ ಪಾನಿಯೇ ಆ ಹೆಸರಿನ ಬಂಡವಾಳ. ಹೆಸರು ಊರಿನದಾದರೂ ಅದನ್ನು ಫಲಕದ ಮೇಲೆ ಬರೆಸುವವರಿಗೆ ಊರಿನ ನಂಟು ಇರಲೇಬೇಕೆಂದು ಕೇಳುವವರಿಲ್ಲ. ಇದು ಒಂದು ಬಗೆಯಲ್ಲಿ ಪುಕ್ಕಟೆ ಪ್ರಚಾರ. ಇನ್ನೊಂದು ಬಗೆಯಲ್ಲಿ ದಿನದಿನವೂ ಕರಗುತ್ತಿರುವ ಆಸ್ತಿ.

ಈ ಆಸ್ತಿಯನ್ನು ಲೆಕ್ಕಕ್ಕೆ ತರಬಲ್ಲ ವಿದ್ಯೆಯೊಂದು ಈಗ ಮನೆಯಲ್ಲೇ ಕುಳಿತು ಕಲಿಯಲು ದೊರೆಯುತ್ತಿದೆ. ಆಹಾರ ವಿಷಯದ ಉನ್ನತ ವ್ಯಾಸಂಗವೆಂದರೆ ಹೋಟೆಲ್ ಮ್ಯಾನೇಜ್‌ಮೆಂಟ್, ಇಲ್ಲವೇ 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ.ನಂತಹ ಸಂಸ್ಥೆಗಳ ಆಹಾರ ತಂತ್ರಜ್ಞಾನ ಎಂಬ ಭಾವನೆ ನಮ್ಮಲ್ಲಿದೆ. ಒಂದು ತಿನಿಸು ಎಲ್ಲಿ ರೂಪುಗೊಂಡಿತು, ಯಾರ ಕೈಯಲ್ಲಿ ಬೆಳೆಯಿತು, ಯಾವ ಹಂತದಲ್ಲಿ ತನ್ನತನ ಪಡೆಯಿತು ಎಂಬುದನ್ನು ಶಾಸ್ತ್ರೀಯವಾಗಿ ದಾಖಲಿಸುವುದೂ ಒಂದು ಅಧ್ಯಯನ ಶಾಖೆಯೇ. ಇಟಲಿಯ ಪೊಲೆಂಜೊದಲ್ಲಿ 2004ರಲ್ಲಿ ಇದಕ್ಕೆಂದೇ ಒಂದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು.

ಇದರಿಂದ ವ್ಯಾಪಾರಕ್ಕೇನು ಲಾಭ ಎಂಬ ಪ್ರಶ್ನೆ ಸಹಜ. ರಸಗುಲ್ಲದ ಪ್ರಕರಣವನ್ನು ನೋಡಬಹುದು. ಪಶ್ಚಿಮ ಬಂಗಾಳಕ್ಕೆ 2017ರಲ್ಲಿ ‘ಬಾಂಗ್ಲಾರ್ ರಸಗುಲ್ಲ’ ಹೆಸರಿನ ಜಿ.ಐ. ನೋಂದಣಿ ದೊರೆಯಿತು. ಒಡಿಶಾ ಸುಮ್ಮನೆ ಕೂರಲಿಲ್ಲ. 15ನೇ ಶತಮಾನದ ಬಲರಾಮದಾಸರ ದಾಂಡಿ ರಾಮಾಯಣದಲ್ಲಿನ ಉಲ್ಲೇಖವನ್ನು ಮುಂದಿಟ್ಟು ವಾದಿಸಿ, 2019ರಲ್ಲಿ ‘ಒಡಿಶಾ ರಸಗೋಲ’ ಎಂಬ ಪ್ರತ್ಯೇಕ ನೋಂದಣಿ ಪಡೆಯಿತು. ಅಲ್ಲಿ ಗೆದ್ದದ್ದು ಸಿಹಿಯಷ್ಟೇ ಅಲ್ಲ, ಕಾಗದವೂ ಹೌದು.

ಮತ್ತೊಂದು ಉದಾಹರಣೆ ಕೆ.ಜಿ.ಎಫ್.ಗೆ ಹತ್ತಿರದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿನ ಗಣಿಗಾರಿಕೆಗೆ ಕೈಹಾಕಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಗಣಿಗಾರರು ಬಂದು ನೆಲೆಸಿದರು. ಅವರ ನಾಡಿನ ಗಣಿ ಕಾರ್ಮಿಕರ ಬುತ್ತಿಯೆಂದೇ ಹೆಸರಾದ ‘ಪ್ಯಾಸ್ಟಿ’ ಎಂಬ ಕಡುಬಿಗೆ 2011ರಲ್ಲಿ ಯೂರೋಪಿನ ಭೌಗೋಳಿಕ ರಕ್ಷಣೆ ಲಭಿಸಿತು. ಅಂಚಿನ ಮಡಿಕೆ ಪಕ್ಕದಲ್ಲಿರಬೇಕು, ತಯಾರಿಕೆ ಕಾರ್ನ್‌ವಾಲ್‌ನಲ್ಲೇ ಆಗಬೇಕು ಎಂಬಷ್ಟರ ಮಟ್ಟಿಗೆ ವ್ಯಾಖ್ಯೆ ಬರೆದು, ತಯಾರಕರ ಸಂಘವು 2002ರಿಂದ ಒಂಬತ್ತು ವರ್ಷ ಪಟ್ಟುಹಿಡಿದಿತ್ತು.

ಊರಿನ ರುಚಿಯೋ, ಕೈಯ ರುಚಿಯೋ?

ಬಿಸಿಯಾಗಿ ಬಡಿಸುವ ತಿನಿಸಿಗೂ ನಮ್ಮ ಕಾನೂನು ಬಾಗಿಲು ಮುಚ್ಚಿಲ್ಲ. ಹೈದರಾಬಾದಿನ ಹಲೀಮ್‌ಗೆ 2010ರಲ್ಲಿ ಜಿ.ಐ. ದೊರೆತಿದೆ. ಆದರೆ 1999ರ ಕಾಯಿದೆಯ ಪ್ರಕಾರ ಅರ್ಜಿದಾರರು ವಸ್ತುವಿನ ವೈಶಿಷ್ಟ್ಯ, ತಯಾರಿಕೆಯ ಕ್ರಮ, ಪ್ರದೇಶದ ಗಡಿ ಹಾಗೂ ಮೂಲದ ಪುರಾವೆಯನ್ನು ಸಲ್ಲಿಸಬೇಕು. ಊರಿನ ನಂಟು ಕಳಚಿಕೊಂಡು ಸಾರ್ವತ್ರಿಕವಾಗಿಬಿಟ್ಟ ಹೆಸರಿಗೆ ನೋಂದಣಿಯೇ ಇಲ್ಲ. ತಡಮಾಡಿದಷ್ಟೂ ಬಂಗಾರಪೇಟೆಯ ಹೆಸರು ಆ ಕಡೆಗೇ ಜಾರುತ್ತದೆ.

ಇಲ್ಲೊಂದು ತೊಡಕೂ ಇದೆ. ಜಿ.ಐ. ಪ್ರದೇಶವನ್ನು ಬಂಗಾರಪೇಟೆಗಷ್ಟೇ ಸೀಮಿತಗೊಳಿಸಿದರೆ, ಇದೇ ಊರಿನಿಂದ ಹೋಗಿ ಬೆಂಗಳೂರಿನಲ್ಲಿ ಅಂಗಡಿ ಇಟ್ಟವರೂ ಹೆಸರು ಕಳೆದುಕೊಳ್ಳಬೇಕಾದೀತು. ವ್ಯಾಪಾರ ಚಿಹ್ನೆಗಳ ಕಾಯಿದೆಯಡಿ ಸಂಘವೊಂದು ಸಾಮೂಹಿಕ ಚಿಹ್ನೆ ಪಡೆದರೆ, ಸದಸ್ಯರು ಎಲ್ಲಿದ್ದರೂ ಅದನ್ನು ಬಳಸಬಹುದು. ಯಾವುದು ಸರಿ? ರುಚಿಯ ಗುಟ್ಟು ಊರಿನ ನೀರು ನೆಲದಲ್ಲಿದ್ದರೆ ಮೊದಲನೆಯದು, ಕೈಯ ಹದದಲ್ಲಿದ್ದರೆ ಎರಡನೆಯದು. ಇದನ್ನು ವಕೀಲರು ತೀರ್ಮಾನಿಸಲಾರರು. ಹಳೆಯ ಗಾಡಿಯವರನ್ನು ಮಾತನಾಡಿಸಿ, ಅಳತೆ ವಿಧಾನಗಳನ್ನು ಬರೆದುಕೊಂಡು, ರೈಲ್ವೆ ಜಂಕ್ಷನ್ನಿನ ಸುತ್ತ ಬೆಳೆದ ಪೇಟೆಯ ಚರಿತ್ರೆಯೊಡನೆ ತಾಳೆ ನೋಡಬಲ್ಲ ಅಭ್ಯಾಸಿ ಬೇಕು. ಅವನಿಗೋ ಅವಳಿಗೋ ಕನ್ನಡದ ಜೊತೆ ತೆಲುಗು, ತಮಿಳೂ ತಿಳಿದಿದ್ದರೆ ಒಳಿತು. ಅಂಥವರಿಗೆ ಈ ಭಾಗದಲ್ಲಿ ಕೊರತೆಯಿಲ್ಲ.

2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಪರೀಕ್ಷಿಸಿದ 260 ಪಾನಿಪುರಿ ಮಾದರಿಗಳ ಪೈಕಿ 41ರಲ್ಲಿ ಕೃತಕ ಬಣ್ಣ ಮುಂತಾದ ಅಸುರಕ್ಷಿತ ಅಂಶಗಳು ಕಂಡುಬಂದವು. ಬಣ್ಣವೇ ಇಲ್ಲದ ಪಾನಿಯ ಊರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬಂದೀತೆ? ಆದರೆ ತಿಳಿಯಾಗಿ ಕಂಡದ್ದೆಲ್ಲ ಶುದ್ಧವಲ್ಲ, ರೋಗಾಣುವಿಗೂ ಬಣ್ಣವಿಲ್ಲ. ಆದ್ದರಿಂದ ಚರಿತ್ರೆಯ ಜೊತೆಗೆ ಸುರಕ್ಷತೆಯ ವಿದ್ಯೆಯೂ ಬೇಕು.

ದೊರೆಯುವ ವ್ಯಾಸಂಗಗಳು

ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಅಪೆಡಾ ಸಹಯೋಗದಲ್ಲಿ ರೂಪಿಸಿದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ವಿಜ್ಞಾನ ಪದವೀಧರರಿಗೆ ಒಪ್ಪುವಂಥದ್ದು. ಅದೇ ವಿಶ್ವವಿದ್ಯಾಲಯದ ಜಾನಪದ ಮತ್ತು ಸಂಸ್ಕೃತಿ ಅಧ್ಯಯನದ ಎಂ.ಎ. ಕಲಾ ಪದವೀಧರರಿಗೆ ಹೊಂದುತ್ತದೆ. ಇವು ದೂರಶಿಕ್ಷಣದ ವ್ಯಾಸಂಗಗಳು. ರುಚಿ ನೋಡಬಯಸುವವರು 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ಅಂತರ್ಜಾಲ ತಾಣದಲ್ಲಿ ಒಂದು ಕೋರ್ಸನ್ನು ಉಚಿತವಾಗಿ ಓದಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕವಿದೆ. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಹಾಗೂ ಅಂತರ್ಜಾಲ ಪದವಿಗಳು ಸಾಮಾನ್ಯ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಹಣ ಕಟ್ಟುವ ಮುನ್ನ ಆಯಾ ಸಾಲಿನ ಮಾನ್ಯತಾ ಪಟ್ಟಿಯನ್ನು ನೋಡಿಕೊಳ್ಳುವುದು ಅವಶ್ಯ. ವಿದೇಶೀ ವಿಶ್ವವಿದ್ಯಾಲಯಗಳ ಶುಲ್ಕ ಚಾಟ್ಸ್ ಅಂಗಡಿಯ ಆದಾಯಕ್ಕೆ ಎಟುಕುವಂಥದ್ದಲ್ಲ. ಸಾಲ ಮಾಡಿ ಅತ್ತ ಹೋಗುವ ಅಗತ್ಯವೂ ಕಾಣದು.

ಉದ್ಯೋಗದ ದೃಷ್ಟಿಯಿಂದಲೂ ಇದು ವ್ಯರ್ಥವಲ್ಲ. ಪರವಾನಗಿ ಪಡೆದ ಆಹಾರ ಘಟಕಗಳಲ್ಲಿ ಪ್ರತಿ 25 ಕೆಲಸಗಾರರಿಗೆ ತರಬೇತಾದ ಒಬ್ಬ ಮೇಲ್ವಿಚಾರಕರಿರಬೇಕೆಂಬ ನಿಯಮವಿದೆ. ಅದಕ್ಕೆ ಕಿರು ತರಬೇತಿಯೇ ಸಾಕಾದರೂ, ಡಿಪ್ಲೊಮಾ ಇದ್ದವರು ಗುಣಮಟ್ಟ ವಿಭಾಗದ ಮೇಲಿನ ಹುದ್ದೆಗಳಿಗೆ ಅರ್ಜಿ ಹಾಕಬಹುದು.

2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಮಂದಿಗೆ ಬೆಂಗಳೂರಿನ ರೈಲೇ ಜೀವನಾಧಾರವಾಯಿತು. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ಆ ಗಾಡಿಯಲ್ಲಿ ಪದವೀಧರ ತರುಣ ತರುಣಿಯರು ಹೋಗಿಬರುವುದರಲ್ಲೇ ದಿನದ ಹಲವು ಗಂಟೆಗಳನ್ನು ಕಳೆಯುತ್ತಾರೆ. ಮೊಬೈಲಿನಲ್ಲಿ ಪಾಠ ಓದಲು ಅಷ್ಟು ಹೊತ್ತು ಸಾಕು. ಬಂಗಾರಪೇಟೆಯ ತಯಾರಕರು ಒಂದು ಸಂಘವಾಗಿ ಸೇರಿ, ಅವರಲ್ಲಿ ಒಬ್ಬರ ವ್ಯಾಸಂಗದ ಶುಲ್ಕವನ್ನು ಹಂಚಿಕೊಂಡು ಭರಿಸಿದರೆ, ಆ ವಿದ್ಯಾರ್ಥಿಯ ಪ್ರಬಂಧವೇ ನೋಂದಣಿ ಅರ್ಜಿಯ ಮೊದಲ ಕರಡಾದೀತು.