ಫೆರೈಟಿನ ಗುಣ ಕುಲುಮೆಯಲ್ಲಿ ತೀರ್ಮಾನವಾಗುತ್ತದೆ

ಲ್ಯಾಪ್‌ಟಾಪ್ ಚಾರ್ಜರಿನ ತಂತಿಯ ತುದಿಯಲ್ಲಿ ಕಾಣುವ ದಪ್ಪ ಗಂಟಿನೊಳಗೆ ಕಪ್ಪು ಪಿಂಗಾಣಿಯ ಕೊಳವೆಯೊಂದಿರುತ್ತದೆ. ಅದೇ ಫೆರೈಟ್. ಕಬ್ಬಿಣದ ಆಕ್ಸೈಡಿಗೆ ನಿಕಲ್, ಸತು, ಮ್ಯಾಂಗನೀಸ್‌ಗಳ ಆಕ್ಸೈಡು ಬೆರೆಸಿ ಸುಟ್ಟರೆ ಸಿಗುವ ವಸ್ತು ಅದು. ಅಯಸ್ಕಾಂತಕ್ಕೆ ಒಲಿಯುತ್ತದೆ, ಆದರೆ ಲೋಹದಷ್ಟು ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. 1930ರಲ್ಲಿ ಟೋಕಿಯೋದ ಯೋಗೊರೊ ಕಾಟೊ ಮತ್ತು ತಕೇಶಿ ತಕೇಯಿ ಇದನ್ನು ಕಂಡುಕೊಂಡರು. ಇದನ್ನು ಮಾರುಕಟ್ಟೆಗೆ ತರಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು.

ತಯಾರಿಕೆಯ ಹಳೆಯ ದಾರಿಯಲ್ಲಿ ಆಕ್ಸೈಡು ಪುಡಿಗಳನ್ನು ತೂಗಿ, ಬಾಲ್ ಮಿಲ್ಲಿನಲ್ಲಿ ಅರೆದು, ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ ಸುಡುತ್ತಾರೆ. ಮತ್ತೆ ಅರೆದು, ಅಂಟು ಸೇರಿಸಿ, ಬಿಲ್ಲೆಗಳಾಗಿ ಒತ್ತಿ, 1100ರಿಂದ 1300 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಇನ್ನೊಂದು ದಾರಿ ದಹನ ವಿಧಾನ. ಲೋಹಗಳ ನೈಟ್ರೇಟುಗಳನ್ನೂ ಸಿಟ್ರಿಕ್ ಆಮ್ಲ ಅಥವಾ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ ಕಾಯಿಸಿದರೆ ದ್ರಾವಣ ಗಟ್ಟಿಯಾಗುತ್ತಾ ಬಂದು, ತಾನೇ ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ಹಗುರವಾದ ನಯಪುಡಿಯಾಗುತ್ತದೆ. ಲೋಹಗಳು ದ್ರಾವಣದಲ್ಲಿಯೇ ಸಮವಾಗಿ ಬೆರೆತಿರುವುದರಿಂದ ಅಷ್ಟು ಹೊತ್ತು ಸುಡಬೇಕಿಲ್ಲ. 1980ರ ದಶಕದಲ್ಲಿ ಈ ವಿಧಾನವನ್ನು ಬೆಳೆಸಿದ ಕೆ.ಸಿ. ಪಾಟೀಲರ ತಂಡ ಇದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಈಗ ಹೀಗೆ ತಯಾರಾದ ಬಿಲ್ಲೆಯ ಡೈಎಲೆಕ್ಟ್ರಿಕ್ ಗುಣ, ಅಂದರೆ ವಿದ್ಯುತ್ ಕ್ಷೇತ್ರದಲ್ಲಿ ವಿದ್ಯುದಂಶವನ್ನು ಹಿಡಿದಿಡುವ ಗುಣ. ಅದರ ಅಳತೆಯೇ ಡೈಎಲೆಕ್ಟ್ರಿಕ್ ಸ್ಥಿರಾಂಕ. ಬಿಲ್ಲೆಯ ಎರಡೂ ಮುಖಕ್ಕೆ ಬೆಳ್ಳಿಯ ಪೇಸ್ಟ್ ಹಚ್ಚಿ, ಎಲ್‌ಸಿಆರ್ ಮೀಟರಿನಲ್ಲಿ ಧಾರಕತೆ ಅಳೆದು, ದಪ್ಪ ಮತ್ತು ವಿಸ್ತೀರ್ಣದಿಂದ ಸ್ಥಿರಾಂಕವನ್ನು ಲೆಕ್ಕ ಹಾಕುತ್ತಾರೆ. ಮ್ಯಾಂಗನೀಸ್-ಸತು ಫೆರೈಟಿನಲ್ಲಿ ಕಡಿಮೆ ಆವರ್ತನದ ಸ್ಥಿರಾಂಕ 10,000 ದಾಟುವುದುಂಟು. ಆವರ್ತನ ಏರಿದಂತೆ ಅದು ಕುಸಿಯುತ್ತದೆ. ಇದಕ್ಕೆ 1951ರಲ್ಲಿ ವಿಜ್ಞಾನಿ ಕೂಪ್ಸ್ ಕೊಟ್ಟ ವಿವರಣೆಯನ್ನೇ ಇಂದಿಗೂ ನೆಚ್ಚುತ್ತಾರೆ. ಬಿಲ್ಲೆಯೆಂದರೆ ಒತ್ತೊತ್ತಾಗಿ ಕೂತ ಸಣ್ಣ ಹರಳುಗಳು. ಹರಳಿನೊಳಗೆ ಎರಡು ಬಗೆಯ ಕಬ್ಬಿಣದ ಅಯಾನುಗಳ ನಡುವೆ ಎಲೆಕ್ಟ್ರಾನು ಜಿಗಿದಾಡುತ್ತದೆ. ಹರಳುಗಳ ನಡುವಿನ ತೆಳುಪದರ ಅದನ್ನು ತಡೆಯುತ್ತದೆ. ತಡೆಗೆ ಬಂದು ನಿಂತ ವಿದ್ಯುದಂಶವೇ ಸ್ಥಿರಾಂಕವನ್ನು ಹಿಗ್ಗಿಸುತ್ತದೆ. ವಿದ್ಯುತ್ ಕ್ಷೇತ್ರ ಬಲುಬೇಗ ದಿಕ್ಕು ಬದಲಿಸಿದರೆ ಎಲೆಕ್ಟ್ರಾನಿಗೆ ಅಲ್ಲಿಯವರೆಗೆ ತಲುಪಲು ಸಮಯವೇ ಇರುವುದಿಲ್ಲ.

ಹೀಗಾಗಿ ರಾಸಾಯನಿಕ ಸೂತ್ರ ಒಂದೇ ಆದರೂ ಬೇಯಿಸಿದ ರೀತಿ ಬದಲಾದರೆ ಗುಣ ಬದಲಾಗುತ್ತದೆ. ಶಾಖ ಹೆಚ್ಚಿದರೆ ಸತು ಆವಿಯಾಗಿ, ಎಲೆಕ್ಟ್ರಾನು ಜಿಗಿಯಲು ದಾರಿ ಹೆಚ್ಚಿ, ಶಕ್ತಿಯ ನಷ್ಟವೂ ಏರುತ್ತದೆ. ಹರಳು ಸಣ್ಣದಿದ್ದರೆ ತಡೆಪದರಗಳು ಹೆಚ್ಚು, ರೋಧವೂ ಹೆಚ್ಚು. ಪ್ರಯೋಗಾಲಯದಲ್ಲಿ ಬಿಲ್ಲೆ ಮಾಡುವ ವಿದ್ಯಾರ್ಥಿಗಳು ಸ್ಥಿರಾಂಕದ ಜೊತೆಗೆ ಸುಟ್ಟ ಉಷ್ಣತೆ, ಅವಧಿ, ತಣಿಸಿದ ಬಗೆ, ಸಾಂದ್ರತೆಗಳನ್ನೂ ತಪ್ಪದೆ ಬರೆದಿಡಬೇಕು.