ತಾನೇ ಶ್ರುತಿಗೂಡುವ ನಿಯಂತ್ರಕ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೋಹದ ಸಾಮಾನುಗಳಿಗೆ ಕ್ರೋಮಿಯಂ, ನಿಕ್ಕಲ್ ಮೊದಲಾದವುಗಳ ಲೇಪ ಕೊಡುವ ಕಾರ್ಖಾನೆಗಳು ಹಲವಿವೆ. ಅಲ್ಲಿನ ತೊಳೆನೀರಿನಲ್ಲಿ ಆಮ್ಲವೂ ವಿಷಕಾರಿ ಲೋಹಾಂಶವೂ ಬೆರೆತಿರುತ್ತವೆ. ಅದನ್ನು ತೊಟ್ಟಿಯಲ್ಲಿ ಕೂಡಿಟ್ಟು, ಶುದ್ಧಿಗೊಳಿಸಿಯೇ ಹೊರಬಿಡಬೇಕು. ತೊಟ್ಟಿ ತುಂಬಿ ಹರಿದರೆ ವಿಷವು ಚರಂಡಿಗೆ ಸೇರುತ್ತದೆ. ಬರಿದಾದರೆ ಪಂಪು ಕೆಡುತ್ತದೆ. ನೀರಿನ ಮಟ್ಟವನ್ನು ಕಾಯುವುದು ಇಷ್ಟು ಹೊಣೆಯ ಕೆಲಸ.

ಈ ವಿದ್ಯೆ ನಮಗೆ ಹೊಸದಲ್ಲ. ಮಟ್ಟ ಏರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದರು. ಮುಂದೆ ಅವು ಕನ್ನಂಬಾಡಿಗೂ ಬಂದವು. ಆದರೆ ಅಂತಹ ಬಾಗಿಲುಗಳ ಅಳತೆಯನ್ನು ಎಂಜಿನಿಯರನು ಮೊದಲೇ ಲೆಕ್ಕಹಾಕಿ ಗೊತ್ತುಮಾಡಿರುತ್ತಾನೆ. ತೊಟ್ಟಿಯ ನಡತೆಯೇ ಬದಲಾಗುತ್ತಿದ್ದರೆ ಏನು ಮಾಡಬೇಕು?

ರಾಸಾಯನಿಕ ಎಂಜಿನಿಯರಿಂಗ್ ಪ್ರಯೋಗಶಾಲೆಗಳಲ್ಲಿ ಈ ತೊಡಕನ್ನು ಅರಿಯಲು ಆಲಿಕೆಯ ಆಕಾರದ ತೊಟ್ಟಿಯನ್ನು ಬಳಸುವುದುಂಟು. ಅದರಲ್ಲಿ ನೀರು 20 ಸೆಂಟಿಮೀಟರಿನಿಂದ 40 ಸೆಂಟಿಮೀಟರಿಗೆ ಏರಿತೆನ್ನೋಣ. ನೀರಿನ ಮೇಲ್ಮೈ ಆಗ ನಾಲ್ಕರಷ್ಟು ವಿಶಾಲವಾಗುತ್ತದೆ. ಆದುದರಿಂದ ಒಂದು ಲೋಟ ನೀರು ಕೆಳಗೆ ಮಟ್ಟವನ್ನು ಎಷ್ಟು ಏರಿಸುವುದೋ, ಮೇಲೆ ಅದರ ಸುಮಾರು ಕಾಲುಭಾಗದಷ್ಟನ್ನು ಮಾತ್ರ ಏರಿಸುತ್ತದೆ. ಮೇಲಿನ ಮಟ್ಟಕ್ಕೆ ಹೊಂದಿಸಿದ ನಿಯಂತ್ರಕವನ್ನು ಕೆಳಗೆ ಬಳಸಿದರೆ ಅದು ಕವಾಟವನ್ನು ಅತಿಯಾಗಿ ತೆರೆದು ಮುಚ್ಚಿ, ನೀರನ್ನು ಓಲಾಡಿಸುತ್ತದೆ. ಕೆಳಗಿನ ಮಟ್ಟಕ್ಕೆ ಹೊಂದಿಸಿದ್ದು ಮೇಲೆ ಮಂದವಾಗುತ್ತದೆ.

ನಿಯಂತ್ರಕವನ್ನು ಹೊಂದಿಸುವ ಹೆಸರಾಂತ ಸೂತ್ರಗಳನ್ನು ಸೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಪ್ರಕಟಿಸಿದರು. ಹೊಂದಿಸುವವನು ಮಾತ್ರ ಮನುಷ್ಯನೇ. ವೈಣಿಕನು ತಂತಿ ಸಡಿಲಿದುದನ್ನು ಕಿವಿಯಿಂದಲೇ ಅರಿತು ಬಿರಡೆಯನ್ನು ತಿರುಗಿಸುವಂತೆ, ಯಂತ್ರವೂ ತನ್ನ ಶ್ರುತಿಯನ್ನು ತಾನೇ ಸರಿಪಡಿಸಿಕೊಳ್ಳಬಾರದೇಕೆ? ಸ್ವೀಡನ್ನಿನ ಓಸ್ಟ್ರೋಮ್ ಮತ್ತು ವಿಟನ್‌ಮಾರ್ಕ್ ಅವರ 1973ರ ಲೇಖನವು ಇಂತಹ ನಿಯಂತ್ರಕಗಳಿಗೆ ದೃಢವಾದ ತಳಹದಿಯನ್ನು ಒದಗಿಸಿತು.

ಈ ಯಂತ್ರಕ್ಕೆ ಎರಡು ಕೆಲಸ. ಕವಾಟ ಇಷ್ಟು ತೆರೆದಾಗ ಮಟ್ಟ ಎಷ್ಟು ಏರಿತು ಎಂಬುದನ್ನು ಸತತವಾಗಿ ಲೆಕ್ಕವಿಟ್ಟು, ತೊಟ್ಟಿಯ ಸ್ವಭಾವವನ್ನು ಊಹಿಸುವುದು ಮೊದಲನೆಯದು. ಆ ಊಹೆಗೆ ತಕ್ಕಂತೆ ತನ್ನ ಗುಣಕಗಳನ್ನು ತಿದ್ದಿಕೊಳ್ಳುವುದು ಎರಡನೆಯದು.

ಇಲ್ಲೊಂದು ಸೋಜಿಗವಿದೆ. ನಿಯಂತ್ರಕವು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ನೀರು ನಿಶ್ಚಲವಾಗಿರುತ್ತದೆ. ನಿಶ್ಚಲವಾದ ನೀರು ಏನನ್ನೂ ಕಲಿಸದು! ಹೊಸ ಪಾಠವಿಲ್ಲದೆ, ಅಳತೆಯ ಸಣ್ಣಪುಟ್ಟ ದೋಷಗಳನ್ನೇ ನಂಬಿದ ಊಹೆ ಮೆಲ್ಲನೆ ದಾರಿತಪ್ಪಬಹುದು. ಆಮೇಲೆ ಒಮ್ಮೆಲೇ ಮಟ್ಟ ಹೊಯ್ದಾಡಬಹುದು. ಆದುದರಿಂದಲೇ ನೀರು ಅಲುಗದಿರುವಾಗ ಕಲಿಕೆಯನ್ನು ತಡೆಹಿಡಿಯುವ, ಗುಣಕಗಳಿಗೆ ಮಿತಿ ಹಾಕುವ ಏರ್ಪಾಡು ಮಾಡುತ್ತಾರೆ.

ಜಾಣ ನಿಯಂತ್ರಕವಿದ್ದರೂ ತೊಟ್ಟಿಯ ಅಂಚಿನಲ್ಲಿ ಒಂದು ಬೇರೆಯೇ ತೇಲುಗುಂಡು ಇರಬೇಕು. ನೀರು ಮಿತಿಮೀರಿದೊಡನೆ ಗಂಟೆ ಬಾರಿಸಿ, ಒಳಹರಿವನ್ನು ನಿಲ್ಲಿಸುವುದಷ್ಟೇ ಅದರ ಕೆಲಸ. ಅದು ಏನನ್ನೂ ಕಲಿಯುವುದಿಲ್ಲ. ಆದುದರಿಂದ ತಪ್ಪು ಪಾಠವನ್ನೂ ಕಲಿಯುವುದಿಲ್ಲ.