ಗುದ್ದಲಿಯ ಬಾಗು

ಕಲಬುರಗಿ ಪೇಟೆಯ ಕಬ್ಬಿಣದ ಅಂಗಡಿಯಲ್ಲಿ ಗುದ್ದಲಿಗಳು ಸಾಲಾಗಿ ತೂಗಿದ್ದವು. ಒಂದೇ ಬಣ್ಣ, ಒಂದೇ ತೂಕ, ಒಂದೇ ಬಾಗು. ಒಂದನ್ನು ಕೊಂಡು, ಕಾವು ಹಾಕಿಸಿಕೊಂಡು, ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಬಂದೆ. ತೋಟದಲ್ಲಿ ಕೆಂಪು ಬಾಳೆಯ ಬುಡಕ್ಕೆ ಮಣ್ಣು ಏರಿಸುವ ಕೆಲಸವಿತ್ತು. ಭೌಗೋಳಿಕ ಸೂಚಿಕೆ ಪಡೆದ ಈ ಬಾಳೆಯ ಗಿಡ ಎತ್ತರಕ್ಕೆ ಬೆಳೆಯುತ್ತದೆ. ಬುಡ ಸಡಿಲಾದರೆ ಗೊನೆಯ ಭಾರಕ್ಕೆ ವಾಲುತ್ತದೆ.

ಹತ್ತು ಗಿಡ ಮುಗಿಯುವಷ್ಟರಲ್ಲಿ ಸೊಂಟ ಹಿಡಿಯಿತು. ಗುದ್ದಲಿ ಮಣ್ಣನ್ನು ಕಚ್ಚುತ್ತಿರಲಿಲ್ಲ, ಕೆರೆಯುತ್ತಿತ್ತು. ಬಗ್ಗಿದಷ್ಟೂ ಕಚ್ಚಿತು, ನೆಟ್ಟಗಾದಷ್ಟೂ ಜಾರಿತು.

ಸಂಜೆ ಕುಲುಮೆಗೆ ಒಯ್ದೆ. ಕಂಬಾರ ಗುದ್ದಲಿಯನ್ನು ನೋಡಲೇ ಇಲ್ಲ, ನನ್ನನ್ನು ನೋಡಿದ.

"ಇದನ್ನ ಯಾರು ಹಿಡೀತಾರ್ರೀ? ನೀವೇ ಏನು?"

ಹೌದೆಂದೆ. ಅಂಗಳದಲ್ಲಿ ನಿಲ್ಲಿಸಿ, ಕೆಲಸಕ್ಕೆ ಹಿಡಿದಂತೆ ಹಿಡಿಯಲು ಹೇಳಿದ. ಪಕ್ಕದಿಂದ ಒಮ್ಮೆ ಕೂತು ನೋಡಿದ, ಎದುರಿನಿಂದ ಒಮ್ಮೆ. ಪಕ್ಕದಿಂದ ಕಂಡದ್ದು ಬಾಗು: ನನ್ನಂಥ ಉದ್ದನೆಯವರು ಹಿಡಿದರೆ ಕಾವು ಕಡಿದಾಗಿ ನಿಲ್ಲುತ್ತದೆ, ಅಲಗು ನೆಲಕ್ಕೆ ಚಪ್ಪಟೆಯಾಗಿ ಮಲಗುತ್ತದೆ. ಅವರಿಗೆ ಬಾಗು ತುಸು ಬಿಚ್ಚಬೇಕು. ಎದುರಿನಿಂದ ಕಂಡದ್ದು ಓರೆ. ಬಲಮೂಲೆ ಮೊದಲು ನೆಲ ಮುಟ್ಟುತ್ತಿತ್ತು. ಪ್ರತಿ ಏಟಿಗೂ ನನ್ನ ಮಣಿಕಟ್ಟು ತಿರುಚಿದ್ದು ಅದಕ್ಕೇ.

ಗಾಲ್ಫ್ ಆಡುವವರು ಇದೇ ಎರಡನ್ನು ಲಾಫ್ಟ್, ಲೈ ಎನ್ನುತ್ತಾರೆ. ಲಾಫ್ಟ್ ಎಂದರೆ ಕೋಲಿನ ಮುಖ ಹಿಂದಕ್ಕೆ ವಾಲಿದ ಅಳತೆ, ಚೆಂಡು ಎಷ್ಟು ಮೇಲೇಳಬೇಕೆಂಬುದು ಅದರ ಕೈಯಲ್ಲಿ. ಲೈ ಎಂದರೆ ಹಿಡಿಕೋಲು ನೆಲದೊಡನೆ ಮಾಡುವ ಕೋನ. ಅದು ಆಡುವವರ ಎತ್ತರಕ್ಕೂ ನಿಲುವಿಗೂ ಒಗ್ಗದಿದ್ದರೆ ಚೆಂಡು ಎಡಕ್ಕೋ ಬಲಕ್ಕೋ ಹೋಗುತ್ತದೆ. ಉದ್ದನೆಯ ಕಬ್ಬಿಣದ ಕೋಲುಗಳ ಬದಲಿಗೆ ಬಂದ ಹೈಬ್ರಿಡ್‌ನಲ್ಲಿ ಈ ಕೋನಗಳನ್ನು ತಿದ್ದುವುದು ಸೂಕ್ಷ್ಮ ಕೆಲಸ. ಹಲವು ಹೈಬ್ರಿಡ್‌ಗಳ ಉಕ್ಕು ಗಡಸು, ಕತ್ತು ಗಿಡ್ಡ. ಒಂದೆರಡು ಡಿಗ್ರಿಗಿಂತ ಹೆಚ್ಚು ಬಗ್ಗಿಸಹೋದರೆ ಸೀಳಬಹುದು. ಕೆಲವಕ್ಕೆ ಕತ್ತಿನಲ್ಲೇ ತಿರುಗುವ ತೋಳು ಇರುತ್ತದೆ. ತಿರುಪು ಸಡಿಲಿಸಿ, ತಿರುಗಿಸಿ, ಬಿಗಿದರೆ ಕೋನ ಬದಲಾಗುತ್ತದೆ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ದೂರ ಹೊಡೆಯುವವರಲ್ಲ. ಉಳಿದವರು ಕಬ್ಬಿಣದ ಕೋಲು ಹಿಡಿಯುವ ಕಡೆ ಹೈಬ್ರಿಡ್ ಹಿಡಿದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಅಂಥ ಕೈಗೆ ಒಂದು ಡಿಗ್ರಿ ಎಷ್ಟು ದೊಡ್ಡದೆಂದು ಕುಲುಮೆಯ ಮುಂದೆ ಕೂತಾಗ ನನಗೆ ಅರ್ಥವಾಯಿತು.

ತಿದಿ ಉಸಿರಾಡಿತು. ಕಂಬಾರ ಅಲಗಿನ ಕತ್ತನ್ನಷ್ಟೇ ಇದ್ದಿಲೊಳಗೆ ಇಟ್ಟ. ಬಾಯನ್ನು ಬೆಂಕಿಯ ಹೊರಗೇ ಉಳಿಸಿ, ಆಗಾಗ ನೀರು ಚಿಮುಕಿಸಿದ. ಬಾಯಿ ಕಾದರೆ ಅದಕ್ಕೆ ಕುಡಿಸಿದ ಹದ ಇಳಿಯುತ್ತದೆ, ಆಮೇಲೆ ಹರಿತ ನಿಲ್ಲುವುದಿಲ್ಲ. ಕತ್ತು ಕೆಂಪಾಯಿತು, ಕೆಂಪು ಬಾಳೆಯ ಸಿಪ್ಪೆಗಿಂತ ಒಂದು ಪಟ್ಟು ಉಜ್ವಲ. ಇಕ್ಕಳದಲ್ಲಿ ಎತ್ತಿ ಅಡಿಗಲ್ಲಿನ ಅಂಚಿಗೆ ಇಟ್ಟು ಮೂರು ಏಟು ಹಾಕಿದ. ಜೋರಿನವಲ್ಲ. ಮೂರನೆಯದಂತೂ ಮಗುವಿನ ಬೆನ್ನು ತಟ್ಟಿದಷ್ಟೇ. ಆಮೇಲೆ ಓರೆಗೆ ಒಂದು.

ಅಳತೆಪಟ್ಟಿ ಇರಲಿಲ್ಲ. ಕಣ್ಣು ಕಿರಿದು ಮಾಡಿ ಬೆಳಕಿಗೆ ಹಿಡಿದ, ಇನ್ನೊಮ್ಮೆ ಕಾಯಿಸಿದ, ಇನ್ನೊಂದು ಏಟು. ಈ ಕಣ್ಣು ಒಂದು ದಿನದಲ್ಲಿ ಬರುವುದಲ್ಲ. ಹಿಂದೆ ಆಯಗಾರ ಕಂಬಾರನಿಗೆ ಸುಗ್ಗಿಯಲ್ಲಿ ಜೋಳ ಅಳೆದುಕೊಡುತ್ತಿದ್ದ ಊರಿಗೆ, ಯಾವ ಮನೆಯಲ್ಲಿ ಯಾರು ಎಷ್ಟು ಎತ್ತರ ಎಂಬುದು ಅವನಿಗೆ ಗೊತ್ತಿರುತ್ತದೆ ಎಂಬ ಭರವಸೆ ಇತ್ತು. ಕಾರ್ಖಾನೆಗೆ ಊರಿನವರೆಲ್ಲ ಒಂದೇ ಎತ್ತರ.

ಗುದ್ದಲಿಯ ಕಣ್ಣಿಗೆ ಕಾವು ತೂರಿಸಿ, ಜಾಲಿ ಕಟ್ಟಿಗೆಯ ಬೆಣೆ ಬಡಿದು ಕೈಗಿಟ್ಟ.

"ಹಿಡದು ನೋಡ್ರಿ. ಹೆಚ್ಚು ಬಗ್ಗಬ್ಯಾಡ್ರಿ."

ಅಂಗಳದ ಮಣ್ಣಿಗೇ ಒಂದು ಏಟು ಹಾಕಿದೆ. ಎರಡೂ ಮೂಲೆ ಒಟ್ಟಿಗೆ ಇಳಿದವು.

ಮರುದಿನ ಬೆಳಿಗ್ಗೆ ಹನ್ನೊಂದನೆಯ ಗಿಡದಿಂದ ಶುರುಮಾಡಿದೆ.